ಜ್ವರ ಬಂದಿತ್ತಾ ಎಂದು ಕೇಳುತ್ತಿದ್ದ ದನದ ಡಾಕ್ಟರು

ಅವರ ಬಲಗೆನ್ನೆಯ ಮೇಲೆ ಯಾವಾಗ ನೋಡಿದರೂ ಒಂದೆರಡು ದನದ ಕೂದಲು ಅಂಟಿಕೊಂಡಿರುತ್ತಿದ್ದವು. ಬೆಳಿಗ್ಗೆ ನುಣ್ಣಗೆ ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ ಮನುಷ್ಯ ಹತ್ತು ಗಂಟೆಗೆಲ್ಲ ಕೊಟ್ಟಿಗೆಯಲ್ಲೇ ಮಲಗಿ ಎದ್ದವರ ಹಾಗೆ ಕಾಣುತ್ತಿದ್ದರು. ಕೊರಳಲ್ಲಿ ಸ್ಟೆತಾಸ್ಕೋಪು ಇರಲಿಲ್ಲವೆಂದಲ್ಲ. ಅದನ್ನು ಕಿವಿಗಿಟ್ಟು ಒಂದು ಸಲ ಕೇಳುವರು. ಆಮೇಲೆ ಅದನ್ನು ಹೆಗಲ ಮೇಲೆ ಎಸೆದುಕೊಂಡು, ಹಸುವಿನ ಎಡ ಮುಂಗಾಲಿನ ಹಿಂದೆ ಬಲಗೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುವರು. ಹಸು ಬಾಲದಿಂದ ತಲೆಗೆ ಬಾರಿಸಿದರೂ ಕದಲುತ್ತಿರಲಿಲ್ಲ. "ಈ ಕೊಳವೆ ಸುಳ್ಳು ಹೇಳಲ್ಲ ಮಾರಾಯ್ತಿ. ಆದ್ರೆ ಕೆನ್ನೆಗೆ ಬಿಸೀನೂ ಗೊತ್ತಾಗ್ತದೆ, ನಡುಕಾನೂ ಗೊತ್ತಾಗ್ತದೆ" ಅನ್ನುವರು.

ಊರಿಗೆಲ್ಲ ಅವರು ದನದ ಡಾಕ್ಟ್ರು. ಆಸ್ಪತ್ರೆಯ ಬೋರ್ಡಿನ ಮೇಲೆ ಉದ್ದದ ಹುದ್ದೆಯೊಂದು ಬರೆದಿತ್ತು, ಅದನ್ನು ಓದಿದವರು ಯಾರೂ ಇರಲಿಕ್ಕಿಲ್ಲ. ಹೊಸದಾಗಿ ಬಂದ ಬ್ಯಾಂಕಿನ ಹುಡುಗಿಯೊಬ್ಬಳು "ವೆಟರ್ನರಿ ಸರ್" ಎಂದು ಕರೆದಾಗ ಅವರು ತಿರುಗಿಯೂ ನೋಡಲಿಲ್ಲ, ತಮ್ಮನ್ನಲ್ಲ ಅಂದುಕೊಂಡರಂತೆ.

ನಾನು ನಮ್ಮೂರ ಹಾಲಿನ ಡೈರಿ ನಡೆಸುವವಳು. ನಮ್ಮದು ಆನವಟ್ಟಿಗೆ ಹತ್ತಿರದ ಹಳ್ಳಿ. ಕಾಗದಪತ್ರಕ್ಕೆ ಸೊರಬ ತಾಲ್ಲೂಕು. ನೆಂಟಸ್ತನ, ಜವಳಿ, ಹಲ್ಲು ಕೀಳಿಸುವುದು ಎಲ್ಲ ಶಿಕಾರಿಪುರದ ಕಡೆ. ಅದೇ ಊರಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವಳು ನಾನು, ತವರುಮನೆ ನಾಲ್ಕು ಬಾಗಿಲು ಆಚೆ. ಹಾಗಾಗಿ ನನ್ನ ಬಾಯಿಗೆ ಊರಲ್ಲಿ ಹೆದರದವರು ಕಡಿಮೆ. ದನದ ಡಾಕ್ಟ್ರು ವಾರಕ್ಕೆ ಮೂರು ದಿನ ಬೆಳಿಗ್ಗೆ ಡೈರಿಯ ಕಟ್ಟೆಗೆ ಬಂದು ಕೂರುತ್ತಿದ್ದರು. "ರೋಗಿಗಳ ಯಜಮಾನ್ರೆಲ್ಲ ಒಂದೇ ಕಡೆ ಸಿಗ್ತಾರೆ, ನಂಗೂ ಪೆಟ್ರೋಲು ಉಳೀತದೆ" ಎನ್ನುವುದು ಅವರ ಲೆಕ್ಕ. ಸುತ್ತ ನಾನೂರು ಲೀಟರ್ ಹಾಲು ಇದ್ದರೂ ಕುಡಿಯುತ್ತಿದ್ದುದು ಹಾಲಿಲ್ಲದ ಕರಿ ಚಾ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದಂತೆ. ದನದ ಡಾಕ್ಟ್ರಿಗೆ ಹಾಲು ಆಗಿಬರದು ಎಂದು ಊರು ವರ್ಷಗಟ್ಟಲೆ ನಕ್ಕಿತು.

ಅವರು ಬಂದ ಹೊಸದರಲ್ಲಿ ನಮಗೊಂದು ಜಗಳವೂ ಆಯಿತು. ಒಂದು ಬೆಳಿಗ್ಗೆ ಹಾಲಿನ ಗಟ್ಟಿ ಅಳೆಯುವ ಗಾಜಿನ ಮೀಟರು ಕೈಜಾರಿ ಒಡೆದುಹೋಯಿತು. ಸಾಲು ಉದ್ದ ಇತ್ತು, ವ್ಯಾನು ಬರುವ ಹೊತ್ತು. ಉಳಿದ ಎಂಟು ಜನರಿಗೆ ನಾನು ಹಿಂದಿನ ದಿನದ ಅಂಕಿಗಳನ್ನೇ ಇಳಿಸಿಬಿಟ್ಟೆ. ನಿನ್ನೆಯ ಹಸು ಇವತ್ತಿಗೆ ಬದಲಾಗುತ್ತದೆಯೇ? ಕಟ್ಟೆಯ ಮೇಲಿದ್ದ ಇವರು ಇಣುಕಿದರು.

"ಡೈರಿಯಮ್ಮ, ಇದು ಕಂಡಿದ್ದಾ ಅನ್ಕಂಡಿದ್ದಾ?"

"ನಿಮ್ಮ ದನ ನೀವು ನೋಡ್ಕಳ್ರೀ ಡಾಕ್ಟ್ರೇ. ನನ್ನ ಪುಸ್ತಕ ನಾ ನೋಡ್ಕಂತೀನಿ."

"ಬೈಕೋ. ಆದ್ರೆ ಕಂಡಿದ್ದು ಬರಿ, ಅನ್ಕಂಡಿದ್ದು ಬರೀಬೇಡ. ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅಂತ ಬರಿ. ಅದ್ರಲ್ಲಿ ನಾಚ್ಕೆ ಏನು?"

ಸಿಟ್ಟಿನಲ್ಲೇ ಎಂಟು ಅಂಕಿ ಹೊಡೆದುಹಾಕಿ 'ಮೀಟರು ಒಡೆದಿದೆ, ನೋಡಿಲ್ಲ' ಎಂದು ಬರೆದೆ. ಆವತ್ತಿನಿಂದ ಅವರು ನನಗೆ ಡೈರಿಯಮ್ಮ ಎನ್ನುವಾಗ ದನಿಯಲ್ಲಿ ಒಂದು ಸಲಿಗೆ ಬಂತು.

ಮುಂದಿನ ಮಳೆಗಾಲದಲ್ಲಿ ಸುತ್ತಲ ಹಳ್ಳಿಗಳಿಗೆ ಕಾಲುಬಾಯಿ ಜ್ವರ ಬಂತು. ದೊಡ್ಡ ದನಗಳ ಬಾಯಲ್ಲಿ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು, ಜೊಲ್ಲು. ನಮ್ಮ ಕೊಟ್ಟಿಗೆಯ ಹಸುವಿಗೂ ಸ್ವಲ್ಪ ತಾಗಿ ವಾಸಿಯಾಗುತ್ತಾ ಬಂದಿತ್ತು. ಅದರ ಎರಡು ತಿಂಗಳ ಕರುವಿಗೆ ಏನೂ ಆಗಿರಲಿಲ್ಲ. ಬಾಯಿ ಚೊಕ್ಕ, ಕಾಲು ಚೊಕ್ಕ. ಸಂಜೆ ಹಗ್ಗ ಬಿಚ್ಚಿದ್ದೇ ತಡ ಚೆಂಗನೆ ಹಾರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು, ಎರಡು ಗುಟುಕು ಕುಡಿಯಿತು, ಹಾಗೇ ಮೊಣಕಾಲೂರಿ ಬಿತ್ತು. ನಾನು ಹತ್ತಿರ ಹೋಗಿ ಮುಟ್ಟುವುದರೊಳಗೆ ಮುಗಿದಿತ್ತು. ಅತ್ತೆ ದೃಷ್ಟಿ ಅಂದರು. ನನ್ನ ಗಂಡ ಹಾವು ಮುಟ್ಟಿದೆ ಅಂದರು. ನಾನು ಅಳುತ್ತಾ ಕೂತೆ.

ಡಾಕ್ಟ್ರು ಬಂದು ಕರುವಿನ ಸುತ್ತ ಎರಡು ಸುತ್ತು ತಿರುಗಿ, "ಇದನ್ನ ಕೊಯ್ದು ನೋಡ್ಲಾ?" ಎಂದು ನನ್ನನ್ನು ಕೇಳಿದರು. ಸತ್ತ ಕರುವನ್ನೂ ಬಿಡುವುದಿಲ್ಲವಲ್ಲ ಈ ಮನುಷ್ಯ ಎಂದು ಮೈ ಉರಿಯಿತು. ಆದರೂ ಯಾಕೆ ಸತ್ತಿತು ಎಂದು ತಿಳಿಯದೆ ಆ ರಾತ್ರಿ ನನಗೆ ಊಟ ಸೇರುವ ಹಾಗಿರಲಿಲ್ಲ. ಹೂಂ ಅಂದೆ. ಹಿತ್ತಲಲ್ಲಿ ಗುಂಡಿ ತೆಗೆಸಿ, ಅದರ ಪಕ್ಕದಲ್ಲೇ ಎದೆ ಬಿಡಿಸಿ, ಅಂಗೈಯಗಲದ ಆ ಹೃದಯವನ್ನು ನೀರಿನಲ್ಲಿ ತೊಳೆದು ಹಿಡಿದರು. ಕೆಂಪು ಮಾಂಸದ ಮೇಲೆ ಹಳದಿ ಹಳದಿ ಪಟ್ಟೆ.

"ನೋಡು. ನಮ್ಮ ಪುಸ್ತಕದಲ್ಲಿ ಇದಕ್ಕೆ ಹುಲಿ ಹೃದಯ ಅಂತಾರೆ. ಹುಲಿ ಮೈ ಹಂಗೆ ಪಟ್ಟೆ ಅದೆ ನೋಡು. ಬಾಯಿಗೆ ಬರ್ಲಿಲ್ಲ, ಕಾಲಿಗೆ ಬರ್ಲಿಲ್ಲ, ವೈರಸ್ಸು ನೇರ ಎದೆಗೇ ಹೋಗಿದೆ. ಕಟ್ಟಿದ್ದಾಗ ಏನೂ ಇಲ್ಲ. ಬಿಟ್ಟ ಕೂಡ್ಲೆ ಹಾರ್ತು ನೋಡು, ಅಷ್ಟು ಸಾಕಾಯ್ತು."

ಅಳು ನಿಂತುಹೋಯಿತು. ಹೇಳಲು ಸಂಕೋಚ, ಆದರೆ ನಿಜ: ಆ ಪಟ್ಟೆಗಳನ್ನು ಇನ್ನೂ ಹತ್ತಿರದಿಂದ ನೋಡಬೇಕು ಅನ್ನಿಸಿತು. ನೋಡಿದೆ. ಅವರ ಹುಚ್ಚು ನನಗೆ ಅಂಟಿದ್ದು ಆ ಗುಂಡಿಯ ಪಕ್ಕದಲ್ಲಿ.

ಆಗಷ್ಟೇ ಕೊರೊನಾ ಕಾಲ ಮುಗಿದಿತ್ತು. ಎಲ್ಲಾದರೂ ಯಾರಾದರೂ ನಿಂತ ನಿಲುವಿನಲ್ಲಿ ಸತ್ತರೆ ಸಾಕು, ಚಾ ಅಂಗಡಿಯಲ್ಲಿ ಒಬ್ಬ ಸೂಜಿಯಿಂದ ಅನ್ನುವನು, ಇನ್ನೊಬ್ಬ ಮೊಬೈಲ್ ಟವರಿನಿಂದ ಅನ್ನುವನು, ಮೂರನೆಯವನು ಕೋಳಿಯಿಂದ. ಎಲ್ಲರಿಗೂ ಉತ್ತರ ಗೊತ್ತಿತ್ತು. ದನದ ಡಾಕ್ಟ್ರೊಬ್ಬರೇ ಪ್ರಶ್ನೆ ಇಟ್ಟುಕೊಂಡವರು. ಹಸುಗಳ ಗರ್ಭದ ವಿವರ ಬರೆಯುವ ಹಳೆಯ ರಿಜಿಸ್ಟರೊಂದನ್ನು ತಿರುಗಿಸಿ, ಹೀಗೆ ದಿಢೀರನೆ ಸತ್ತವರ ವಿವರವನ್ನು ಹಿಂದಿನಿಂದ ಬರೆಯಲು ಶುರುಮಾಡಿದ್ದರು. ಮೊದಲ ಸಾಲಿನಲ್ಲಿ ಊರು, ವಯಸ್ಸು. ಎರಡನೆಯದು, ಜ್ವರ ಬಂದಿತ್ತಾ. ಮೂರನೆಯದು, ಕಾರಣ. ಮೂರನೆಯ ಸಾಲಿನಲ್ಲಿ ಹೆಚ್ಚು ಕಡೆ ಇದ್ದದ್ದು 'ಗೊತ್ತಿಲ್ಲ'.

"ಗೊತ್ತಿಲ್ಲ ಅಂತ ಬರೆಯೋಕೆ ಪುಸ್ತಕ ಯಾಕ್ರೀ ಬೇಕು?" ಎಂದು ಕೇಳಿದೆ.

"ಬರೆದಿಟ್ರೆ ಮರ್ತು ಹೋಗಲ್ಲ. ಬರೀದಿದ್ರೆ ನಾಳೆ ನಾವೇ ಒಂದು ಕಾರಣ ಹುಟ್ಟಿಸ್ಕಂಡು ಬಿಡ್ತೀವಿ."

ಕೇಳಬಾರದ ಹೊತ್ತಿನಲ್ಲಿ ಕೇಳಿ ಉಗಿಸಿಕೊಂಡದ್ದೂ ಇದೆ. ಕೆಳಗಿನ ಕೇರಿಯ ಯಜಮಾನರೊಬ್ಬರು ಹೊಲದ ಬದುವಿನಲ್ಲಿ ಕುಸಿದು ತೀರಿಕೊಂಡಾಗ ಇವರು ಹೋಗಿ, ದುಃಖದಲ್ಲಿದ್ದ ಮಗನ ಕೈ ಹಿಡಿದು, ಸಮಾಧಾನದ ನಡುವೆಯೇ "ಹಿಂದಿನ ತಿಂಗ್ಳು ಜ್ವರ ಗಿರ ಬಂದಿತ್ತೇನಪ್ಪ?" ಅಂದುಬಿಟ್ಟರು. ಅವನು ಕೈ ಕಿತ್ತುಕೊಂಡು, "ಡಾಕ್ಟ್ರೇ, ನಮ್ಮಪ್ಪ ಏನು ಎಮ್ಮೆನಾ?" ಎಂದ. ಇವರು ಅಲ್ಲಿಯೇ ಕೈಮುಗಿದು, ತಪ್ಪಾಯಿತು ಅಂದರು. ದಾರಿಯಲ್ಲಿ ನನ್ನೊಡನೆ, "ಅವ್ನು ಹೇಳಿದ್ದು ಸರಿ. ಎಮ್ಮೆ ಸತ್ತಾಗ ಎಮ್ಮೆ ಮಗನ್ನ ಕೇಳೋ ಹಂಗಿಲ್ಲ, ಅದಕ್ಕೇ ನಂಗೆ ಬುದ್ಧಿ ಇಲ್ಲ" ಅಂದರು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅದಾದ ಮೇಲೆ ತಿಥಿ ಮುಗಿಯದೆ ಯಾರನ್ನೂ ಕೇಳುತ್ತಿರಲಿಲ್ಲ.

ಈಗ ನನ್ನ ತಮ್ಮನ ವಿಷಯಕ್ಕೆ ಬರಬೇಕು. ಅವನಿಗೆ ಆಗ ಮೂವತ್ತೆರಡು, ಒಂದು ಹೆಣ್ಣುಮಗು. ದೀಪಾವಳಿಯ ಹೊತ್ತಿಗೆ ನಮ್ಮ ಎರಡೂ ತಾಲ್ಲೂಕಿನಲ್ಲಿ ಹೋರಿ ಹಬ್ಬದ ಹುಚ್ಚು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕೊಬ್ಬರಿ ಹಾರ, ಬೆನ್ನಿಗೆ ಹೊದಿಸಿದ ಜೂಲ, ಬಣ್ಣದ ಕೊಂಬು, ಜನದ ನಡುವೆ ಬಾಣದ ಹಾಗೆ ಬಿಡುವ ಹೋರಿ, ಅದರ ಕೊರಳ ಕೊಬ್ಬರಿ ಕೀಳಲು ಹಾರುವ ಹುಡುಗರು, ಹಿಂದೆ ಓಡುವ ಯಜಮಾನ. ನನ್ನ ತಮ್ಮನ ಹೋರಿಯ ಹೆಸರು ಸಾಹೇಬ. ಸಾಹೇಬನಿಗೆ ದಿನಕ್ಕೆ ನಾಲ್ಕು ಮೊಟ್ಟೆ, ನೆನೆಸಿದ ಹುರುಳಿ, ಕೆರೆಯಲ್ಲಿ ಈಜು. "ನಂಗೆ ಬಸುರಿ ಇದ್ದಾಗ್ಲೂ ಒಂದು ಮೊಟ್ಟೆ ಬೇಯ್ಸಿ ಕೊಟ್ಟಿಲ್ಲ ಇವ್ರು" ಎಂದು ತಮ್ಮನ ಹೆಂಡತಿ ಸಾಹೇಬನ ಎದುರೇ ಮೂದಲಿಸುತ್ತಿದ್ದಳು.

ಆ ವರ್ಷ ಶ್ರಾವಣದಲ್ಲಿ ಸಾಹೇಬನಿಗೂ ಕಾಲುಬಾಯಿ ಜ್ವರ ಬಂತು. ಹೋರಿ ಸಾಕುವ ನಮ್ಮ ಕೇರಿಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ಜ್ವರ ಬಿಟ್ಟ ಹೋರಿಯ ಮುಂಗಾಲಿಗೆ ಕರಿ ಕಂಬಳಿಯಿಂದ ಎಳೆದ ದಾರ ಕಟ್ಟುತ್ತಾರೆ. ಎರಡು ಅಮಾವಾಸ್ಯೆ ಕಳೆಯುವ ತನಕ ಅದನ್ನು ಬಿಚ್ಚುವಂತಿಲ್ಲ. ದಾರ ಇರುವಷ್ಟು ದಿನ ಆ ಹೋರಿಯನ್ನು ಓಡಿಸುವಂತಿಲ್ಲ, ಈಜಿಸುವಂತಿಲ್ಲ, ಏರು ಹತ್ತಿಸುವಂತಿಲ್ಲ. ಬೇರೆ ಊರಿನವರು ಕಂಡರೂ ದಾರ ಅಂದರೆ ದಾರ, ಆ ಹೋರಿಯನ್ನು ಓಟಕ್ಕೆ ಬಿಡುವುದಿಲ್ಲ. ಡಾಕ್ಟ್ರು ಇದನ್ನು ಮೊದಲ ಸಲ ಕಂಡಾಗ ಮಗುವಿಗೆ ಮಿಠಾಯಿ ಸಿಕ್ಕಂತಾದರು. ಯಾರು ಕಲಿಸಿದ್ದು, ಅವರಿಗೆ ಯಾರು ಕಲಿಸಿದ್ದು, ಎರಡೇ ಅಮಾವಾಸ್ಯೆ ಯಾಕೆ ಎಂದು ಮುದುಕರನ್ನೆಲ್ಲ ಪೀಡಿಸಿದರು. ಕಾಲುಬಾಯಿ ಬಂದುಹೋದ ಎತ್ತು ಬಿಸಿಲಿಗೆ ಏದುಸಿರು ಬಿಡುವುದನ್ನು ಎಲ್ಲರೂ ಕಂಡಿದ್ದರು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

"ನೆಂಟರು ಬರ್ತಾರೆ ಹೋಗ್ತಾರೆ ಅಲ್ವಾ, ಹಂಗೆ ಈ ವೈರಸ್ಸು" ಎಂದು ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು. "ಹೆಚ್ಚಿನವ್ರು ಉಂಡು ಹೋಗ್ತಾರೆ. ಎಲ್ಲೋ ಒಬ್ಬ ಹೋಗ್ತಾ ಮನೆ ಕಂಬ ಅಲ್ಲಾಡ್ಸಿ ಹೋಗ್ತಾನೆ. ನೋಡೋಕೆ ಮನೆ ಹಂಗೇ ಇರ್ತದೆ. ಅಟ್ಟದ ಮೇಲೆ ಯಾರಾದ್ರೂ ಕುಣಿದಾಗ್ಲೇ ಗೊತ್ತಾಗೋದು. ನಿಮ್ಮಜ್ಜ ಕಂಬ ನೋಡಿಲ್ಲ, ಆದ್ರೂ ಕುಣೀಬೇಡ ಅಂದ."

ಮಹಾಲಯ ಅಮಾವಾಸ್ಯೆಗೆ ಸಾಹೇಬನ ದಾರ ಬಿಚ್ಚಿದರು. ದಸರಾ ಕಳೆದ ಮೇಲೆ ತಮ್ಮನಿಗೆ ಜ್ವರ ಬಂತು. ನಾಲ್ಕು ದಿನ ಮೈಕೈ ನೋವು, ಗಂಟಲು, ಚಳಿ. ಮಾತ್ರೆ ನುಂಗಿ ಐದನೆಯ ದಿನ ಎದ್ದು ಹೋರಿ ಹಿಡಿದುಕೊಂಡು ಕೆರೆ ಏರಿಯ ಮೇಲೆ ಓಡಲು ಹೋದ. ಹೋರಿಗೆ ಎರಡು ಅಮಾವಾಸ್ಯೆ, ತನಗೆ ನಾಲ್ಕು ಮಾತ್ರೆ. ಇದರಲ್ಲೇನಾದರೂ ತಪ್ಪಿದೆ ಎಂದು ನಮ್ಮ ಮನೆಯಲ್ಲಿ, ನನ್ನನ್ನೂ ಸೇರಿಸಿ, ಒಬ್ಬರಿಗೂ ಹೊಳೆಯಲಿಲ್ಲ. ಹುಲಿ ಹೃದಯ ಕಣ್ಣಾರೆ ನೋಡಿದ್ದ ನನಗೂ.

ಹಬ್ಬಕ್ಕೆ ಮುಂಚೆ ಸಾಹೇಬನನ್ನು ಒಮ್ಮೆ ನೋಡಿ ಎಂದು ಡಾಕ್ಟ್ರನ್ನು ತಮ್ಮನೇ ಕರೆಸಿದ. ನಾನೂ ಅಲ್ಲೇ ಇದ್ದೆ. ಅವರು ಎಂದಿನಂತೆ ಹೋರಿಯ ಎದೆಗೆ ಕೆನ್ನೆ ಕೊಟ್ಟು ನಿಂತರು. ಹಗ್ಗ ಹಿಡಿದಿದ್ದ ತಮ್ಮ ಮೆಲ್ಲಗೆ ಗೋದಲಿಯ ಅಂಚಿಗೆ ಕೂತ. ತುಟಿಯ ಮೇಲೆ ಬೆವರು. ಬೆಳಗಿನ ತಂಪು ಇನ್ನೂ ಇತ್ತು.

"ಯಾಕೋ ಕೂತ್ಕಂಡೆ?" ಡಾಕ್ಟ್ರು ಕೆನ್ನೆ ತೆಗೆಯದೆ ಕೇಳಿದರು.

"ಏನಿಲ್ರಿ. ಸುಸ್ತು. ಮಲಗಿದ್ರೆ ದಮ್ಮು ಕಟ್ಟಿದಂಗೆ ಆಗ್ತತಿ, ನಿದ್ದೆ ಇಲ್ಲ."

"ಜ್ವರ ಬಂದಿತ್ತಾ?"

"ಬಂದಿತ್ತು ಬಿಡ್ರಿ, ಹೋತು. ನೀವು ಹೋರಿ ನೋಡ್ರಿ."

"ಹೋರಿ ಚೆನ್ನಾಗದೆ. ಅಂಗಿ ಬಿಚ್ಚು."

ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ದನದ ಕೂದಲು ಅಂಟಿದ ಅದೇ ಕೆನ್ನೆಯನ್ನು ಅವನ ಎದೆಗೆ ಒತ್ತಿ ಕಣ್ಣು ಮುಚ್ಚಿದರು. ನಾನೂ ನಗುತ್ತಿದ್ದೆ. ಅವರು ಕಣ್ಣು ತೆರೆದಾಗ ಮುಖ ನೋಡಿ ನಗು ನಿಂತಿತು.

"ಎರಡು ಹೊಡೀಬೇಕಾದ ಕಡೆ ಮೂರು ಹೊಡೀತಿದೆ. ಕುದ್ರೆ ಓಡಿದಂಗೆ" ಎಂದು ನನಗೆ ಹೇಳಿದರು. ಅವನಿಗೆ, "ನಾನು ಮನುಷ್ಯರ ಡಾಕ್ಟ್ರಲ್ಲ. ನಿಂಗೆ ಒಂದು ಗುಳಿಗೆ ಬರೆಯೋ ಹಕ್ಕು ನಂಗಿಲ್ಲ. ಆದ್ರೆ ಕಾರು ಓಡಿಸೋಕೆ ಲೈಸೆನ್ಸ್ ಅದೆ. ಹತ್ತು."

ಪಕ್ಕದ ಮನೆಯವರ ಕಾರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಶಿಕಾರಿಪುರಕ್ಕೆ ಹೊರಟರು. ತಮ್ಮ ದಾರಿಯುದ್ದಕ್ಕೂ, ಹಬ್ಬದ ಹೊತ್ತಲ್ಲಿ ಇದೆಂಥ ಕಾಟ ಎಂದು ಗೊಣಗಿದ. ಅಲ್ಲಿ ಇಸಿಜಿ ತೆಗೆದ ಡಾಕ್ಟರು ಆ ಉದ್ದದ ಕಾಗದವನ್ನು ಎರಡು ಸಲ ನೋಡಿ, ಮಾತು ಬೆಳೆಸದೆ ಇವತ್ತೇ ಶಿವಮೊಗ್ಗಕ್ಕೆ ಹೋಗಿ ಅಂದರು. ಗೊಣಗಾಟ ನಿಂತಿತು. ನನ್ನ ಕೈ ಹಿಡಿದುಕೊಂಡ. ಚಿಕ್ಕವನಿದ್ದಾಗ ಹಲ್ಲು ಕೀಳಿಸಲು ಹೋಗುವಾಗ ಹಿಡಿದಿದ್ದ, ಆಮೇಲೆ ಅದೇ ಮೊದಲು.

ಶಿವಮೊಗ್ಗದಲ್ಲಿ ಆರು ದಿನ ಇಟ್ಟುಕೊಂಡರು. ಹೃದಯದ ಸ್ನಾಯುವಿಗೆ ಬಾವು ಬಂದಿದೆ, ವೈರಸ್ ಜ್ವರದ ನಂತರ ಅಪರೂಪಕ್ಕೆ ಹೀಗಾಗುವುದುಂಟು, ಜ್ವರ ಬಂದವರಿಗೆಲ್ಲ ಆಗುವುದಿಲ್ಲ, ಹೆದರಬೇಡಿ. ಆದರೆ ಆರು ತಿಂಗಳು ಓಟವಿಲ್ಲ, ಭಾರ ಎತ್ತುವುದಿಲ್ಲ ಎಂದರು ಹೃದಯದ ಡಾಕ್ಟರು. ನಮ್ಮ ದನದ ಡಾಕ್ಟ್ರು ಬಾಗಿಲಲ್ಲಿ ಅಡ್ಡ ನಿಂತು ಪ್ರಶ್ನೆಯ ಮೇಲೆ ಪ್ರಶ್ನೆ. ಯಾವ ವೈರಸ್ಸು, ಬಾವು ಇಳಿದ ಮೇಲೆ ಗಾಯ ಉಳಿಯುತ್ತದೆಯೇ, ಸುಮ್ಮನೆ ಕೂತರೆ ಒಳ್ಳೆಯದು ಎಂದು ಹೇಗೆ ಗೊತ್ತು. ಆ ಡಾಕ್ಟರು ಕೊನೆಗೆ, "ನೀವು ಯಾವ ಆಸ್ಪತ್ರೆಯಲ್ಲಿದ್ದೀರಿ?" ಎಂದು ಕೇಳಿದರು.

"ಸೊರಬ ತಾಲ್ಲೂಕು. ದನದ ಆಸ್ಪತ್ರೆ."

ನಗುತ್ತಾರೆ ಅಂದುಕೊಂಡೆ. ಅವರು ಪೆನ್ನು ಕೆಳಗಿಟ್ಟು, ಕಾಲುಬಾಯಿ ಬಂದ ಕರುವಿನ ಹೃದಯ ಹೇಗಿರುತ್ತದೆ ಎಂದು ಇವರನ್ನೇ ಕೇಳಿದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಹೊರಗೆ ಸಾಲು ನಿಂತಿದ್ದವರು ಶಪಿಸುತ್ತಿದ್ದರು.

ಮನೆಗೆ ಬಂದು ಮೂರು ವಾರಕ್ಕೆ ತಮ್ಮ ಮೊದಲಿನ ಹಾಗಾದ. ಉಂಡ, ಮಲಗಿದ, ಮೀಸೆ ತಿರುವಿದ. ನಿಜವಾದ ಕಷ್ಟ ಶುರುವಾದದ್ದು ಆಗ. ದೀಪಾವಳಿಯೇನೋ ಕಳೆದಿತ್ತು, ಆದರೆ ಹೋರಿ ಹಬ್ಬಗಳು ಊರೂರಿಗೆ ತಿಂಗಳುಗಟ್ಟಲೆ ನಡೆಯುತ್ತವೆ. ಶಿಕಾರಿಪುರದಲ್ಲಿ ದೊಡ್ಡದೊಂದು ಗೊತ್ತಾಗಿತ್ತು. ತಾನಿಲ್ಲದೆ ಸಾಹೇಬ ಓಡುವುದಿಲ್ಲ, ತನ್ನ ದನಿ ಹಿಂದಿನಿಂದ ಕೇಳಲೇಬೇಕು ಎಂದು ಹಟ ಹಿಡಿದ. ಹೆಂಡತಿ ಅತ್ತಳು. ನಾನು ಬಾಯಿಗೆ ಬಂದಂತೆ ಬೈದೆ. ರಿಪೋರ್ಟು ಮುಖಕ್ಕೆ ಹಿಡಿದೆ. "ಅದೇನು ಅಕ್ಕಾ, ಇಂಗ್ಲೀಷು ಕಾಗ್ದ. ನನ್ನ ಎದಿ ನಂಗೆ ಗೊತ್ತಿಲ್ಲೇನು?" ಎಂದ. ನನಗೆ ಹೆದರಿಕೆಯಾಗಿತ್ತು. ರಾತ್ರಿ ಹಾಸಿಗೆಯಲ್ಲಿ ಚೆಂಗನೆ ಹಾರಿದ ಆ ಕರುವೇ ಕಣ್ಣೆದುರು.

ಬೆಳಿಗ್ಗೆ ಡೈರಿಯಲ್ಲಿ ಡಾಕ್ಟ್ರಿಗೆ ಹೇಳಿಕೊಂಡು ಅತ್ತೆ. ಅವರು ಕರಿ ಚಾ ಆರುವ ತನಕ ಯೋಚಿಸಿದರು.

"ನಿನ್ನ ತಮ್ಮ ಸಾಹೇಬನ ಕಾಲಿನ ದಾರಾನ ಯಾವತ್ತಾದ್ರೂ ಅಮಾಸೆಗೆ ಮುಂಚೆ ಬಿಚ್ಚಿದ್ದಾನಾ?"

"ಅಯ್ಯೋ, ತಲೆ ತೆಗೆದ್ರೂ ಬಿಚ್ಚಲ್ಲ ಕಣ್ರೀ."

"ಹಂಗಾದ್ರೆ ಕಂಬ್ಳಿ ಎಲ್ಲಿ?"

ಆ ಸಂಜೆ ಕೇರಿಯ ನಾಲ್ಕು ಮಂದಿ ಹೋರಿ ಸಾಕುವ ಹಿರಿಯರನ್ನು ಕರೆದುಕೊಂಡೇ ಬಂದರು. ಎಲ್ಲರ ಎದುರು ಕಂಬಳಿಯ ಅಂಚಿನಿಂದ ದಾರ ಎಳೆದು ನನ್ನ ಕೈಗೆ ಕೊಟ್ಟು, ಅಕ್ಕನೇ ಕಟ್ಟಲಿ, ಆರು ತಿಂಗಳು ಬಿಚ್ಚುವಂತಿಲ್ಲ ಅಂದರು. ತಮ್ಮನಿಗೆ ಮುಖ ಕೆಂಪಾಯಿತು.

"ನಾನೇನು ದನಾನಾ ಡಾಕ್ಟ್ರೇ?"

"ದನ ಆಗಿದ್ರೆ ನಂಗೆ ಇಷ್ಟು ತಾಪತ್ರಯ ಇರ್ತಿತ್ತಾ? ನೀನೇ ಕಟ್ಟಿ ಹಾಕಿ ಎರಡು ಅಮಾಸೆ ಕಾಯ್ತಿದ್ದೆ. ಸಾಹೇಬನ ಮೇಲೆ ನಿಂಗಿರೋ ಅಕ್ಕರೆ ನಿನ್ನ ಹೆಂಡ್ತಿಗೆ ನಿನ್ನ ಮೇಲೆ ಇರಬಾರ್ದಾ?"

ಅವನು ಹಿರಿಯರ ಮುಖ ನೋಡಿದ. ಒಬ್ಬರೂ ನಗಲಿಲ್ಲ. ಕಾಲು ಮುಂದೆ ಚಾಚಿದ. ನಾನು ಎಡಗಾಲಿನ ಹರಡಿನ ಮೇಲೆ ಮೂರು ಗಂಟು ಹಾಕಿ ಕಟ್ಟಿದೆ. ನಂತರ ನಾನು ಡಾಕ್ಟ್ರನ್ನು ಕೇಳಿದೆ, ನೀವು ಓದಿದವರು, ದಾರ ನಂಬುತ್ತೀರಾ ಎಂದು. "ದಾರದಲ್ಲಿ ಔಷಧಿ ಇಲ್ಲ. ಅದನ್ನ ನೋಡಿದವ್ರು ಸುಮ್ನಿರಲ್ಲ ನೋಡು, ಅದ್ರಲ್ಲಿದೆ" ಅಂದರು.

ಆದರೂ ಶಿಕಾರಿಪುರದ ಹಬ್ಬದ ದಿನ ಅವನು ಬರೀ ನೋಡಿ ಬರುತ್ತೇನೆ ಎಂದು ಹೋರಿ ಹತ್ತಿಸಿದ ಗಾಡಿಯಲ್ಲಿ ಹೊರಟೇಬಿಟ್ಟ. ನಾನು ಡೈರಿಗೆ ಬೀಗ ಹಾಕಿ ಮುಂದಿನ ಬಸ್ಸು ಹಿಡಿದೆ. ಜನ ಜಾತ್ರೆ. ಮಂದಿಯನ್ನು ಮೊಣಕೈಯಲ್ಲಿ ತಿವಿಯುತ್ತಾ ಬಿದಿರಿನ ಬೇಲಿಯ ತನಕ ಬಂದರೆ, ಹತ್ತು ಮಾರು ದೂರದಲ್ಲಿ ನನ್ನ ತಮ್ಮ ಚಪ್ಪಲಿ ಕಳಚಿ, ಪ್ಯಾಂಟು ಮೊಣಕಾಲ ತನಕ ಮಡಚಿ, ಸಾಹೇಬನ ಪಕ್ಕ ಓಡಲು ನಿಂತಿದ್ದಾನೆ! ನಾನು ಕೂಗಿದ್ದು ಹಲಗೆ ಬಡಿಯುವ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಹೋರಿಗಳನ್ನು ಸಾಲಾಗಿ ಒಳಗೆ ಬಿಡುತ್ತಿದ್ದವರು ತೊಗರ್ಸಿ ಕಡೆಯ ಹಿರಿಯರೊಬ್ಬರು, ಹೆಗಲ ಮೇಲೆ ಹಸಿರು ಟವೆಲ್ಲು. ಸಾಹೇಬನ ಸರದಿ ಬಂದಾಗ ಅವರು ಹೋರಿಯ ಕಾಲು ನೋಡಲು ಬಗ್ಗಿದರು. ಪಕ್ಕದ ಕಾಲು ಕಂಡಿತು. ಬಗ್ಗಿದವರು ಹಾಗೇ ನಿಂತರು.

"ಈ ಕಾಲು ಯಾರ್ದಪಾ?"

"ನಂದೇ ಕಾಕಾ."

"ದಾರ ಐತಲ್ಲೋ."

ತಮ್ಮ ಏನೋ ಹೇಳಿದ. ಅವರು ಕೈ ಎತ್ತಿ ಹಲಗೆ ನಿಲ್ಲಿಸಿದರು. "ದಾರ ಇರೋ ಕಾಲು ಒಳಗ ಇಳಿಯಂಗಿಲ್ಲ. ದನದ್ದಾದ್ರೇನು, ಮನ್ಷಾಂದಾದ್ರೇನು. ಹೊರಗ ನಡಿ" ಎಂದು ಎರಡೂ ಭುಜ ಹಿಡಿದು ಅವನನ್ನು ಬೇಲಿಯ ಆಚೆ ನಿಲ್ಲಿಸಿದರು. ಅಷ್ಟು ಜನದಲ್ಲಿ ಒಬ್ಬನೂ ಗೇಲಿ ಮಾಡಲಿಲ್ಲ. ನಾನು ಹೋಗಿ ಅವನ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ, ಬಿಡಲಿಲ್ಲ. ಸಾಹೇಬ ಒಬ್ಬನೇ ಓಡಿದ. ಕೊರಳ ಕೊಬ್ಬರಿ ಒಂದೂ ಹೋಗಲಿಲ್ಲ. ತಮ್ಮ ನಿಂತಲ್ಲೇ ಮಗುವಿನ ಹಾಗೆ ಅತ್ತ, ಖುಷಿಗೋ ಅವಮಾನಕ್ಕೋ ಇವತ್ತಿಗೂ ಹೇಳಿಲ್ಲ.

ಮರುದಿನ ಡಾಕ್ಟ್ರಿಗೆ ಎಲ್ಲ ಹೇಳಿ, "ನಿಮ್ಮಿಂದ ಜೀವ ಉಳೀತು. ಓಡಿದ್ರೆ ಹೋಗೇಬಿಡ್ತಿದ್ದ" ಎಂದು ಕೈಮುಗಿದೆ.

"ಹೋಗ್ತಿದ್ನಾ? ಗೊತ್ತಿಲ್ಲ" ಅಂದರು. "ಓಡ್ಲಿಲ್ಲ. ಇದಾನೆ. ನಂಗೆ ಗೊತ್ತಿರೋದು ಅಷ್ಟೇ."

ಒಳ್ಳೆಯ ಹೆಸರು ಮನೆ ಬಾಗಿಲಿಗೆ ಬಂದರೂ ಒಳಗೆ ಕರೆಯದ ಮನುಷ್ಯ. ನನಗೆ ಸಿಟ್ಟೇ ಬಂತು.

ಆರು ತಿಂಗಳ ನಂತರ ಶಿವಮೊಗ್ಗದ ಡಾಕ್ಟರು ಹೃದಯ ಸರಿಯಾಗಿದೆ ಅಂದ ಮೇಲೆ ದನದ ಡಾಕ್ಟ್ರೇ ಕತ್ತರಿ ಹಿಡಿದು ತಮ್ಮನ ಕಾಲಿನ ದಾರ ಕತ್ತರಿಸಿದರು. ಊರಿಗೆ ಅದೊಂದು ಅಭ್ಯಾಸವೂ ಆಯಿತು. ಜೋರು ಜ್ವರ ಬಂದುಹೋದ ಹುಡುಗರ ಕಾಲಿಗೆ ಮನೆಯವರೇ ದಾರ ಕಟ್ಟುತ್ತಾರೆ, ಎರಡು ವಾರ ಕಬಡ್ಡಿ ಇಲ್ಲ, ಮೂಟೆ ಇಲ್ಲ. ಎದೆ ನೋವು, ದಮ್ಮು ಅಂದರೆ ದಾರ ಅಲ್ಲ, ನೇರ ಆಸ್ಪತ್ರೆ. ಇದನ್ನು ಡಾಕ್ಟ್ರು ಡೈರಿಯ ಗೋಡೆಯ ಮೇಲೆ ನನ್ನ ಕೈಯಲ್ಲೇ ಬರೆಸಿದರು. ಬರೀ ನೆಗಡಿಗೂ ದಾರ ಕಟ್ಟಿಕೊಂಡು ಹೊಲದ ಕೆಲಸ ತಪ್ಪಿಸಿಕೊಳ್ಳುವವರನ್ನು ಕಂಡು, "ನೋಡು, ಔಷಧಿ ಆದ್ಮೇಲೆ ಕಳ್ಳರೂ ಆಗ್ತಾರೆ" ಎಂದು ನಕ್ಕರು.

ನಿವೃತ್ತಿಯಾದ ಮೇಲೆ ಅವರು ಸೊರಬದ ತಮ್ಮ ಮನೆಯಲ್ಲಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ, ನಾನು ಹಾಲು ಅಳೆಯುತ್ತಿದ್ದಾಗ ಫೋನು ಬಂತು. ತಮ್ಮನೂ ನಾನೂ ಕೈ ತೊಳೆಯದೆ ಬಸ್ಸು ಹತ್ತಿದೆವು. ಅವರನ್ನು ಜಗಲಿಯ ಮೇಲೆ ಮಲಗಿಸಿದ್ದರು. ಬಲಗೆನ್ನೆ ಚೊಕ್ಕಟವಾಗಿತ್ತು, ಒಂದು ಕೂದಲೂ ಇರಲಿಲ್ಲ. ಅದುವರೆಗೆ ತಡೆದುಕೊಂಡಿದ್ದೆ, ಆ ಕೆನ್ನೆ ನೋಡಿ ಆಗಲಿಲ್ಲ. ಹೊರಡುವಾಗ ಹೆಗಲು ಕೊಟ್ಟವರಲ್ಲಿ ನನ್ನ ತಮ್ಮನೂ ಒಬ್ಬ. ನಡುವೆ ಯಾರೋ ಬದಲಾಯಿಸುತ್ತೇನೆ ಎಂದರೂ ಬಿಡಲಿಲ್ಲ.

ತಿಥಿಯ ಮರುದಿನ ಮತ್ತೆ ಹೋದೆ. ಕೇಳಬಾರದು ಎಂದುಕೊಂಡೇ ಹೋದವಳು, ಅವರ ಹೆಂಡತಿಯ ಪಕ್ಕ ಕೂತು ಸ್ವಲ್ಪ ಹೊತ್ತಾದ ಮೇಲೆ ಕೇಳಿಬಿಟ್ಟೆ.

"ಅಮ್ಮ, ತಪ್ಪು ತಿಳ್ಕಬೇಡಿ. ಅವರಿಗೆ ಹಿಂದೆ ಜ್ವರ ಬಂದಿತ್ತಾ?"

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಇಷ್ಟು ಜನ ಬಂದ್ರು. ನೀ ಒಬ್ಳಾದ್ರೂ ಕೇಳ್ತೀಯಾ ಅಂತ ಕಾಯ್ತಿದ್ದೆ" ಅಂದರು. "ಇಲ್ಲಮ್ಮ. ತಿಂಗಳಾನುಗಟ್ಲೆ ಒಂದು ಸೀನೂ ಸೀನಿರ್ಲಿಲ್ಲ. ಬೆಳಿಗ್ಗೆ ಕರಿ ಚಾ ಕುಡಿದ್ರು. ಲೋಟ ಇಡೋಕೆ ಬಗ್ಗಿದ್ರು. ಅಷ್ಟೇ."

ಒಳಗೆ ಹೋಗಿ ಆ ಹಳೆಯ ರಿಜಿಸ್ಟರು ತಂದು ನನ್ನ ಮಡಿಲಿಗೆ ಹಾಕಿದರು.

ಎರಡು ದಿನ ಅದನ್ನು ತೆರೆಯಲಿಲ್ಲ. ಮೂರನೆಯ ದಿನ ಡೈರಿಯಲ್ಲಿ ಹಾಲಿನ ಸಾಲು ಕರಗಿದ ಮೇಲೆ ತೆಗೆದು, ಕೊನೆಯ ಬರಹದ ಕೆಳಗೆ ಸೊರಬ ಎಂದು ಬರೆದೆ. ವಯಸ್ಸು ಬರೆದೆ. ಪೆನ್ನು ನಿಂತಿತು. ಜ್ವರ ಬಂದಿತ್ತು ಎಂದು ಆ ತಾಯಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ನನಗೊಂದು ಸಮಾಧಾನವಿರುತ್ತಿತ್ತು, ಯಾರನ್ನು ಬೈಯಬೇಕೆಂದು ತಿಳಿಯುತ್ತಿತ್ತು. ಕ್ಯಾನು ತೊಳೆಯುತ್ತಿದ್ದ ತಮ್ಮ ಹಿಂದಿನಿಂದ ಬಂದು ನೋಡಿದ.

"ಬಂದಿತ್ತು ಅಂತ ಬರಿಯಕ್ಕಾ. ಯಾರು ಕೇಳ್ತಾರೆ? ಡಾಕ್ಟ್ರಿಗೇ ಹಂಗಾತು ಅಂದ್ರೆ ಊರೋರೆಲ್ಲ ಹೆದ್ರಿ ಮಲಗ್ತಾರ. ನಾಲ್ಕು ಜೀವ ಉಳೀತಾವ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ಕಟ್ಟೆಯ ಕಡೆ ನೋಡಿದೆ. ನನ್ನ ಪುಸ್ತಕಕ್ಕೆ ಇಣುಕುವವರು ಅಲ್ಲಿ ಯಾರೂ ಇರಲಿಲ್ಲ.

ಜ್ವರ ಬಂದಿತ್ತಾ: ಇಲ್ಲ. ಕಾರಣ: ಗೊತ್ತಿಲ್ಲ.

ತಮ್ಮ ಅದನ್ನು ಓದಿದ. ವ್ಯಾನು ಬಂದಿತ್ತು. ತುಂಬಿದ ನಲವತ್ತು ಲೀಟರಿನ ಕ್ಯಾನನ್ನು ಸೊಂಟಕ್ಕೆತ್ತಿ, ಅಲ್ಲಿಂದ ಹೆಗಲಿಗೆತ್ತಿ, ಒಳಗಿಟ್ಟು ಬಂದ. ಬಂದು ಪಕ್ಕದಲ್ಲಿ ನಿಂತಾಗ ಅವನ ಉಸಿರು ಕಿವಿಗೊಟ್ಟು ಕೇಳಿದೆ. ಸರಿಯಾಗಿತ್ತು. ಅದನ್ನೂ ಬರೆದೆ.